ವೈದ್ಯ ವಿದ್ಯಾರ್ಥಿಯ ಕೈಗೆ ಕಂಪ್ಯೂಟರ್: ಕಲಿಯಬೇಕಾದದ್ದೇನು?

“ಮಗಳಿಗೆ ಮೆಡಿಕಲ್ ಸೀಟು ಸಿಕ್ಕಿದೆ ಡಾಕ್ಟ್ರೇ, ಲ್ಯಾಪ್‌ಟಾಪ್ ಕೊಡಿಸಲೇಬೇಕೆ?” ಕಾಲೇಜುಗಳು ಆರಂಭವಾಗುವ ಹೊತ್ತಿಗೆ ನನ್ನ ಕ್ಲಿನಿಕ್ಕಿಗೆ ಬರುವ ತಂದೆತಾಯಿಗಳು ಪ್ರತಿ ವರ್ಷ ಕೇಳುವ ಪ್ರಶ್ನೆ ಇದು. ಇದರ ಜೊತೆಗೇ ಇನ್ನೊಂದು ದೂರು ಬರುತ್ತದೆ: “ಮಗ ಎಂಬಿಬಿಎಸ್ ಎರಡನೇ ವರ್ಷ. ಪುಸ್ತಕ ಮುಟ್ಟುವುದೇ ಇಲ್ಲ. ಹೊತ್ತು ಹುಟ್ಟಿದರೆ ಮೊಬೈಲು, ಲ್ಯಾಪ್‌ಟಾಪು. ಓದುತ್ತಿದ್ದಾನೋ ಆಟವಾಡುತ್ತಿದ್ದಾನೋ ಒಂದೂ ಗೊತ್ತಾಗುವುದಿಲ್ಲ.”

ಎರಡೂ ನ್ಯಾಯವಾದ ಮಾತುಗಳೇ. ಆದರೆ ಇದು ಕೇವಲ ಆ ಎರಡು ಮನೆಗಳ ವಿಚಾರವಲ್ಲ. ಇಂದು ಕಾಲೇಜಿನಲ್ಲಿ ಕುಳಿತು ಕೀಲಿಮಣೆ ಒತ್ತುತ್ತಿರುವ ಹುಡುಗ ಅಥವಾ ಹುಡುಗಿಯೇ ನಾಳೆ ನಿಮ್ಮ ಮನೆಯ ಹಿರಿಯರ ಔಷಧ ಚೀಟಿಯನ್ನು ಕಂಪ್ಯೂಟರಿನಲ್ಲಿ ಬರೆಯುವವರು. ನಿಮ್ಮ ರಕ್ತಪರೀಕ್ಷೆಯ ವರದಿ, ಎಕ್ಸ್-ರೇ, ಹಿಂದಿನ ಕಾಯಿಲೆಗಳ ಚರಿತ್ರೆ ಎಲ್ಲವನ್ನೂ ಅವರು ಪರದೆಯ ಮೇಲೆಯೇ ನೋಡುತ್ತಾರೆ. ಆದ್ದರಿಂದ ಅವರು ಕಂಪ್ಯೂಟರನ್ನು ಹೇಗೆ ಕಲಿತಿದ್ದಾರೆ ಎಂಬುದು ಎಲ್ಲ ಕುಟುಂಬಗಳಿಗೂ ಸಂಬಂಧಿಸಿದ ಆರೋಗ್ಯದ ಪ್ರಶ್ನೆ.

ಪುಸ್ತಕದ ಕಪಾಟಿನಿಂದ ಪರದೆಗೆ

ವೈದ್ಯಕೀಯ ಲೇಖನಗಳನ್ನು ಹುಡುಕುವ ಕೆಲಸ ಒಂದು ಕಾಲಕ್ಕೆ ಬಹಳ ಶ್ರಮದ್ದಾಗಿತ್ತು. ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಏನೇನು ಪ್ರಕಟವಾಗಿದೆ ಎಂದು ತಿಳಿಸುವ ‘ಇಂಡೆಕ್ಸ್ ಮೆಡಿಕಸ್’ ಎಂಬ ಸೂಚಿ 1879ರಲ್ಲಿ ಅಮೆರಿಕದಲ್ಲಿ ಆರಂಭವಾಯಿತು. ಅದರ ದಪ್ಪ ಸಂಪುಟಗಳನ್ನು ಒಂದೊಂದಾಗಿ ತಿರುವಿ, ಬೇಕಾದ ಲೇಖನದ ಹೆಸರು ಬರೆದುಕೊಂಡು, ಆ ಪತ್ರಿಕೆ ಗ್ರಂಥಾಲಯದಲ್ಲಿ ಇದೆಯೇ ಎಂದು ನೋಡಬೇಕಿತ್ತು. ಹೆಚ್ಚಿನ ಸಲ ಇರುತ್ತಿರಲಿಲ್ಲ.

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ 1964ರಲ್ಲಿ ಈ ಸೂಚಿಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿತು. 1971ರಲ್ಲಿ ದೂರದಿಂದಲೇ ಹುಡುಕಬಹುದಾದ ‘ಮೆಡ್‌ಲೈನ್’ ಬಂತು. 1996ರಲ್ಲಿ ‘ಪಬ್‌ಮೆಡ್’ ಆರಂಭವಾಗಿ, 1997ರಲ್ಲಿ ಎಲ್ಲರಿಗೂ ಉಚಿತವಾಯಿತು. ಇಂದು ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರಗಳಿವೆ. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ 2003ರಲ್ಲಿ ‘ಹೆಲಿನೆಟ್’ ಎಂಬ ಜಾಲವನ್ನು ಆರಂಭಿಸಿ, ತನ್ನ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿದೇಶಿ ಪತ್ರಿಕೆಗಳು ಕಂಪ್ಯೂಟರಿನಲ್ಲೇ ಸಿಗುವಂತೆ ಮಾಡಿತು. ಜಿಲ್ಲಾ ಕೇಂದ್ರದ ಕಾಲೇಜಿನ ವಿದ್ಯಾರ್ಥಿಗೂ ದೊಡ್ಡ ಊರಿನ ಗ್ರಂಥಾಲಯದ ಬಾಗಿಲು ತೆರೆದಂತಾಯಿತು.

ಅಂಗರಚನಾಶಾಸ್ತ್ರದ ಕಲಿಕೆಯೂ ಬದಲಾಯಿತು. 1994ರಲ್ಲಿ ಅಮೆರಿಕದ ಅದೇ ಗ್ರಂಥಾಲಯ, ಮಾನವ ದೇಹವೊಂದನ್ನು ತಲೆಯಿಂದ ಕಾಲಿನವರೆಗೆ ಒಂದೊಂದು ಮಿಲಿಮೀಟರಿನ ಅಂತರದಲ್ಲಿ ಸೀಳಿ ತೆಗೆದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊರಕಿಸಿತು. ಮರುವರ್ಷ ಮಹಿಳೆಯ ದೇಹದ ಚಿತ್ರಗಳೂ ಬಂದವು. ಮೃತದೇಹದ ಮೇಲೆ ಕತ್ತರಿ ಹಿಡಿದು ಕಲಿಯುವ ಪಾಠಕ್ಕೆ ಇದು ಬದಲಿಯಲ್ಲ. ಆದರೆ ನರ ಎಲ್ಲಿ ಹಾದು ಹೋಗುತ್ತದೆ, ರಕ್ತನಾಳ ಯಾವುದರ ಹಿಂದಿದೆ ಎಂಬುದನ್ನು ರಾತ್ರಿ ಹಾಸ್ಟೆಲಿನಲ್ಲಿ ಕುಳಿತು ಮತ್ತೆ ಮತ್ತೆ ನೋಡಿ ಮನದಟ್ಟು ಮಾಡಿಕೊಳ್ಳಲು ಇಂಥ ಚಿತ್ರಗಳು ಬಹಳ ಉಪಯುಕ್ತ.

ಹಾಗಾಗಿ ಪರದೆಯ ಮುಂದೆ ಕುಳಿತ ಮಗ ಓದುತ್ತಿಲ್ಲ ಎಂದು ತಂದೆತಾಯಿಗಳು ಒಮ್ಮೆಲೇ ತೀರ್ಮಾನಿಸಬಾರದು. ಸ್ನಾತಕೋತ್ತರ ಪ್ರವೇಶದ ‘ನೀಟ್ ಪಿಜಿ’ ಪರೀಕ್ಷೆ ಕೂಡ ನಡೆಯುವುದು ಕಂಪ್ಯೂಟರಿನಲ್ಲೇ.

ಪಠ್ಯಕ್ರಮದಲ್ಲಿ ಏನಿದೆ?

2019ರಲ್ಲಿ ದೇಶದ ಎಂಬಿಬಿಎಸ್ ಪಠ್ಯಕ್ರಮ ಬದಲಾಯಿತು. ಮೊದಲ ವರ್ಷದ ಆರಂಭದಲ್ಲೇ ಒಂದು ತಿಂಗಳ ‘ಫೌಂಡೇಷನ್ ಕೋರ್ಸ್’ ಸೇರಿಸಲಾಯಿತು. ಅದರ ಒಟ್ಟು 175 ಗಂಟೆಗಳಲ್ಲಿ 40 ಗಂಟೆಗಳನ್ನು ಭಾಷೆ ಮತ್ತು ಕಂಪ್ಯೂಟರ್ ಕೌಶಲಗಳಿಗೆ ಒಟ್ಟಾಗಿ ಮೀಸಲಿಡಲಾಗಿತ್ತು. ಆನಂತರ ಗಂಟೆಗಳ ಹಂಚಿಕೆ ಬದಲಾಗಿದೆ. ಆದರೂ ವೈದ್ಯನಾಗುವವನಿಗೆ ಕಂಪ್ಯೂಟರ್ ಕಲಿಸಬೇಕೆಂದು ನಿಯಮದಲ್ಲೇ ಒಪ್ಪಿಕೊಂಡದ್ದು ಸಂತೋಷದ ವಿಷಯ.

ತೊಂದರೆ ಇರುವುದು ಸಮಯದಲ್ಲಿ. ಕಾಲೇಜಿಗೆ ಬಂದ ಮೊದಲ ವಾರಗಳಲ್ಲಿ ವಿದ್ಯಾರ್ಥಿ ಇನ್ನೂ ರೋಗಿಯ ಹತ್ತಿರ ಹೋಗಿರುವುದಿಲ್ಲ, ಔಷಧಗಳ ಹೆಸರೂ ಗೊತ್ತಿರುವುದಿಲ್ಲ. ಆಗ ಅವನಿಗೆ ಕಲಿಸಲು ಸಾಧ್ಯವಾಗುವುದು ಅಕ್ಷರ ಟೈಪ್ ಮಾಡುವುದು, ಕಡತ ಉಳಿಸುವುದು, ಸೆಮಿನಾರಿಗೆ ಸ್ಲೈಡ್ ತಯಾರಿಸುವುದು, ಇಷ್ಟೇ. ಇದು ಬೇಕಾದದ್ದೇ. ಆದರೆ ಕೆರೆ ಕಾಣುವ ಮೊದಲೇ ಈಜಿನ ಪಾಠ ಮುಗಿಸಿದ ಹಾಗಾಗುತ್ತದೆ. ಕಂಪ್ಯೂಟರ್ ಮತ್ತು ರೋಗಿ ಎದುರುಬದುರಾಗುವುದು ವಾರ್ಡಿನಲ್ಲಿ, ಅದರಲ್ಲೂ ಹೌಸ್ ಸರ್ಜನ್ ಆಗಿ ದುಡಿಯುವ ಕೊನೆಯ ವರ್ಷದಲ್ಲಿ. ಕಲಿಕೆ ಅಲ್ಲಿ ಮತ್ತೊಮ್ಮೆ ಆಗಬೇಕು. ಹಿರಿಯ ವೈದ್ಯರು ನಾಡಿ ಹಿಡಿಯುವುದನ್ನು ಪಕ್ಕದಲ್ಲಿ ನಿಂತು ತಿದ್ದುವಂತೆ, ಕಂಪ್ಯೂಟರಿನಲ್ಲಿ ಬರೆದ ಕೇಸ್ ಶೀಟನ್ನೂ ಪಕ್ಕದಲ್ಲಿ ಕುಳಿತು ತಿದ್ದಬೇಕು.

ಇನ್ನೊಂದು ಮಾತು. ಎಲ್ಲ ವಿದ್ಯಾರ್ಥಿಗಳೂ ಒಂದೇ ಮಟ್ಟದಿಂದ ಬರುವುದಿಲ್ಲ. ನಗರದ ಶಾಲೆಯಲ್ಲಿ ಓದಿದವನಿಗೆ ಕಂಪ್ಯೂಟರ್ ಬಾಲ್ಯದ ಗೆಳೆಯ. ಹಳ್ಳಿಯ ಕನ್ನಡ ಮಾಧ್ಯಮದ ಶಾಲೆಯಿಂದ ಬಂದ ಹುಡುಗಿ ಮೊಬೈಲನ್ನು ಚೆನ್ನಾಗಿ ಬಳಸುತ್ತಿದ್ದರೂ ಕೀಲಿಮಣೆಯ ಮುಂದೆ ಕುಳಿತಿರದೆ ಇರಬಹುದು. ನಾಚಿಕೆಯಿಂದ ಆಕೆ ಅದನ್ನು ಹೇಳಿಕೊಳ್ಳುವುದಿಲ್ಲ, ಸಹಪಾಠಿಯಿಂದ ಕೆಲಸ ಮಾಡಿಸಿಕೊಂಡು ದಾಟಿಬಿಡುತ್ತಾಳೆ. ಇದು ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕೊರತೆ. ದಿನಕ್ಕೆ ಅರ್ಧ ಗಂಟೆಯಂತೆ ಕೆಲವು ವಾರ ಅಭ್ಯಾಸ ಮಾಡಿದರೆ ತುಂಬಿಕೊಳ್ಳುತ್ತದೆ.

ವೈದ್ಯ ವಿದ್ಯಾರ್ಥಿ ಕಲಿಯಬೇಕಾದ ಕೌಶಲಗಳನ್ನು ಐದು ಭಾಗ ಮಾಡಿ ನೋಡೋಣ. ಈ ಐದಕ್ಕೂ ತಳಹದಿಯಾದ ಅಭ್ಯಾಸ ಒಂದೇ: ತಾಳೆ ನೋಡುವುದು. ಪರದೆಯಲ್ಲಿ ಇರುವುದು ಹಾಸಿಗೆಯಲ್ಲಿ ಮಲಗಿರುವ ರೋಗಿಗೆ ಹೊಂದುತ್ತದೆಯೇ ಎಂದು ಪ್ರತಿ ಸಲವೂ ನೋಡುವುದು.

1. ಸರಿಯಾಗಿ ದಾಖಲಿಸುವುದು

ಕಂಪ್ಯೂಟರಿನಲ್ಲಿ ಬರೆದ ಚೀಟಿಗೆ ಒಂದು ದೊಡ್ಡ ಗುಣವಿದೆ. ಅಕ್ಷರ ಅರ್ಥವಾಗುತ್ತದೆ. ವೈದ್ಯರ ಕೈಬರಹವನ್ನು ಔಷಧದ ಅಂಗಡಿಯವರು ಊಹೆ ಮಾಡಿ ಓದುವ ಅಪಾಯ ತಪ್ಪುತ್ತದೆ. ಆದರೆ ಹಳೆಯ ತಪ್ಪು ಹೋದ ಕಡೆ ಹೊಸ ತಪ್ಪು ಬಂದು ಕೂರುತ್ತದೆ.

ಮೊದಲನೆಯದು ಪಟ್ಟಿಯಿಂದ ಆರಿಸುವಾಗಿನ ತಪ್ಪು. ಔಷಧದ ಮೊದಲ ಮೂರು ನಾಲ್ಕು ಅಕ್ಷರ ಒತ್ತಿದರೆ ಹೆಸರುಗಳ ಪಟ್ಟಿ ತೆರೆದುಕೊಳ್ಳುತ್ತದೆ. ‘ಹೈಡ್ರಾಲಜೀನ್’ ರಕ್ತದೊತ್ತಡದ ಔಷಧ. ‘ಹೈಡ್ರಾಕ್ಸಿಜೀನ್’ ತುರಿಕೆಗೆ ಕೊಡುವ ಔಷಧ. ಪಟ್ಟಿಯಲ್ಲಿ ಎರಡೂ ಹತ್ತಿರ ಹತ್ತಿರ. ಬೆರಳು ಒಂದು ಸಾಲು ಜಾರಿದರೆ ಸಾಕು, ಅಚ್ಚುಕಟ್ಟಾಗಿ ಮುದ್ರಿತವಾದ ತಪ್ಪು ಚೀಟಿ ಹೊರಬರುತ್ತದೆ. ಮುದ್ರಿತವಾದದ್ದನ್ನು ಯಾರೂ ಅನುಮಾನಿಸುವುದಿಲ್ಲ.

ಎರಡನೆಯದು ಯಂತ್ರ ತಾನಾಗಿ ತುಂಬಿಕೊಳ್ಳುವ ವಿವರ. ಕೀಲುವಾತಕ್ಕೆ ಕೊಡುವ ‘ಮೆಥೊಟ್ರೆಕ್ಸೇಟ್’ ಮಾತ್ರೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಪ್ರತಿದಿನ ತೆಗೆದುಕೊಂಡರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು, ಪ್ರಾಣಕ್ಕೇ ಅಪಾಯ. ಈ ರೀತಿ ಸಾವು ಸಂಭವಿಸಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಕಂಪ್ಯೂಟರಿನ ಚೀಟಿಯಲ್ಲಿ ‘ದಿನಕ್ಕೊಮ್ಮೆ’ ಎಂಬುದು ಮೊದಲೇ ತುಂಬಿಕೊಂಡು ಕುಳಿತಿದ್ದರೆ, ಅದನ್ನು ‘ವಾರಕ್ಕೊಮ್ಮೆ’ ಎಂದು ಬದಲಾಯಿಸುವ ಎಚ್ಚರ ಬರೆಯುವವರಿಗೆ ಇರಬೇಕು.

ಮೂರನೆಯದು ಹಳೆಯದನ್ನು ನಕಲು ಮಾಡುವ ಅಭ್ಯಾಸ. ನಿನ್ನೆಯ ಟಿಪ್ಪಣಿಯನ್ನು ಇಂದಿನದಕ್ಕೆ ಅಂಟಿಸಿದರೆ ಐದು ನಿಮಿಷ ಉಳಿಯುತ್ತದೆ. ಮಧುಮೇಹದಿಂದ ಪಾದದಲ್ಲಿ ಹುಣ್ಣಾಗಿದ್ದ ಹಿರಿಯರೊಬ್ಬರು ಬೇರೆ ಊರಿನ ಆಸ್ಪತ್ರೆಯಿಂದ ಬಿಡುಗಡೆಯಾಗಿ ನನ್ನಲ್ಲಿಗೆ ಬಂದಿದ್ದರು. ಡಿಸ್ಚಾರ್ಜ್ ಸಮ್ಮರಿ ನಾಲ್ಕು ಪುಟ, ಒಂದು ಚಿತ್ತಿಲ್ಲ. ಅದರಲ್ಲಿ ಹುಣ್ಣು ಬಲಗಾಲಿನದು ಎಂದಿತ್ತು, ಬ್ಯಾಂಡೇಜು ಇದ್ದದ್ದು ಎಡಗಾಲಿಗೆ. ಮೊದಲ ದಿನ ಯಾರೋ ಮಾಡಿದ ತಪ್ಪು ಎಂಟು ದಿನವೂ ಹಾಗೆಯೇ ನಕಲಾಗಿತ್ತು. ಪೆನಿಸಿಲಿನ್ ತಮಗೆ ಆಗದು ಎಂದು ಅವರು ಹೇಳಿದ್ದರಂತೆ. ಆ ಮಾತು ನಾಲ್ಕು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಬ್ಯಾಂಡೇಜು ಬಿಚ್ಚಿ ನೋಡಿ, ರೋಗಿಯನ್ನು ಕೇಳಿ ಬರೆದಿದ್ದರೆ ಎರಡೂ ತಪ್ಪುಗಳು ಮೊದಲ ದಿನವೇ ತಿದ್ದಿಕೊಳ್ಳುತ್ತಿದ್ದವು.

2. ಹುಡುಕುವುದು, ಹುಡುಕಿದ್ದನ್ನು ತೂಗುವುದು

ಹುಡುಕುವುದು ಸುಲಭ, ಸರಿಯಾದ ಪ್ರಶ್ನೆ ಕೇಳುವುದು ಕಷ್ಟ. ಒಂದು ಉದಾಹರಣೆ ನೋಡಿ. ಡೆಂಗೆ ಜ್ವರಕ್ಕೆ ಪಪ್ಪಾಯಿ ಎಲೆಯ ರಸ ಒಳ್ಳೆಯದೇ ಎಂದು ಮಳೆಗಾಲದಲ್ಲಿ ದಿನಕ್ಕೆ ಹತ್ತು ಜನ ಕೇಳುತ್ತಾರೆ. ವಿದ್ಯಾರ್ಥಿ ‘ಪಪ್ಪಾಯಿ, ಡೆಂಗೆ’ ಎಂದಷ್ಟೇ ಒತ್ತಿದರೆ ಪರ-ವಿರೋಧದ ರಾಶಿ ಬಂದು ಬೀಳುತ್ತದೆ. ಯಾವ ವಯಸ್ಸಿನ ರೋಗಿ, ಏನು ಕೊಟ್ಟರು, ಯಾವುದರೊಂದಿಗೆ ಹೋಲಿಸಿದರು, ಯಾವ ಫಲ ನೋಡಿದರು ಎಂದು ನಾಲ್ಕು ಭಾಗ ಮಾಡಿ ಕೇಳಿಕೊಂಡರೆ ವಿಷಯ ತಿಳಿಯಾಗುತ್ತದೆ. ಪ್ಲೇಟ್‌ಲೆಟ್ ಸಂಖ್ಯೆ ಏರುವುದು ಬೇರೆ, ರೋಗಿ ಅಪಾಯದಿಂದ ಪಾರಾಗುವುದು ಬೇರೆ. ಡೆಂಗೆಯಲ್ಲಿ ಮುಖ್ಯ ಅಪಾಯ ರಕ್ತನಾಳಗಳಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವುದರಿಂದ ಬರುತ್ತದೆ. ಆದ್ದರಿಂದ ಸಂಖ್ಯೆಯನ್ನಷ್ಟೇ ನೋಡಿದ ಅಧ್ಯಯನದಿಂದ ಪೂರ್ಣ ಉತ್ತರ ಸಿಗುವುದಿಲ್ಲ.

ದೊಡ್ಡ ಪತ್ರಿಕೆಯಲ್ಲಿ ಬಂದದ್ದೆಲ್ಲ ಸತ್ಯವೂ ಅಲ್ಲ. 1998ರಲ್ಲಿ ಪ್ರಸಿದ್ಧ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಕೇವಲ 12 ಮಕ್ಕಳನ್ನು ಆಧರಿಸಿದ ಲೇಖನವೊಂದು ಪ್ರಕಟವಾಗಿ, ದಡಾರ-ಮಂಗನಬಾವು-ರುಬೆಲ್ಲ ಲಸಿಕೆಗೂ ಆಟಿಸಂಗೂ ನಂಟಿದೆ ಎಂಬ ಭೀತಿ ಹುಟ್ಟಿತು. ಇಂಗ್ಲೆಂಡಿನಲ್ಲಿ ಎಷ್ಟೋ ತಂದೆತಾಯಿಗಳು ಮಕ್ಕಳಿಗೆ ಲಸಿಕೆ ಹಾಕಿಸುವುದನ್ನು ಬಿಟ್ಟರು. ಆ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಕಂಪ್ಯೂಟರಿನಲ್ಲಿ ಆ ಲೇಖನ ಇಂದಿಗೂ ಸಿಗುತ್ತದೆ. ಅದರ ಮೇಲೆ ‘ಹಿಂತೆಗೆದುಕೊಳ್ಳಲಾಗಿದೆ’ ಎಂಬ ಸೂಚನೆಯೂ ಇರುತ್ತದೆ. ಅದನ್ನು ನೋಡುವ ಕಣ್ಣು ಬೇಕು.

ಕೋವಿಡ್ ಕಾಲದಲ್ಲಿ ಇದೇ ಕಥೆ ಬೇರೆ ರೂಪದಲ್ಲಿ ನಡೆಯಿತು. 671 ಆಸ್ಪತ್ರೆಗಳ 96 ಸಾವಿರ ರೋಗಿಗಳ ಕಂಪ್ಯೂಟರ್ ದಾಖಲೆಗಳನ್ನು ಆಧರಿಸಿದ್ದೆಂದು ಹೇಳಿಕೊಂಡ ಹೈಡ್ರಾಕ್ಸಿಕ್ಲೋರೊಕ್ವಿನ್ ಕುರಿತ ಲೇಖನ 2020ರ ಮೇ 22ರಂದು ಅದೇ ಪತ್ರಿಕೆಯಲ್ಲಿ ಬಂತು. ಮೂಲ ದಾಖಲೆಗಳನ್ನು ಪರಿಶೀಲನೆಗೆ ಒದಗಿಸದೆ ಹೋದದ್ದರಿಂದ ಜೂನ್ 4ರಂದು ಅದನ್ನು ಹಿಂತೆಗೆದುಕೊಳ್ಳಲಾಯಿತು. 12 ಎಂಬುದು ಚಿಕ್ಕ ಸಂಖ್ಯೆ, 96 ಸಾವಿರ ದೊಡ್ಡ ಸಂಖ್ಯೆ. ಎರಡರಲ್ಲೂ ಮೋಸ ಹೋಗಬಹುದು ಎಂಬುದೇ ವಿದ್ಯಾರ್ಥಿ ಕಲಿಯಬೇಕಾದ ಪಾಠ.

3. ಲೆಕ್ಕ ಹಾಕುವುದು

ಸಮುದಾಯ ಆರೋಗ್ಯದ ಪಾಠದಲ್ಲಿ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ಮನೆಮನೆಯ ಸಮೀಕ್ಷೆ ಮಾಡುತ್ತಾರೆ. ಅದನ್ನು ಕಂಪ್ಯೂಟರಿನ ಕೋಷ್ಟಕದಲ್ಲಿ ತುಂಬಿ ಒಂದು ಗುಂಡಿ ಒತ್ತಿದರೆ ಸರಾಸರಿ ಬರುತ್ತದೆ. ಆದರೆ ಸರಾಸರಿ ಎಂದರೇನೆಂದು ಗೊತ್ತಿರಬೇಕು. ಐವರು ರೋಗಿಗಳು ಆಸ್ಪತ್ರೆಯಲ್ಲಿ ಕ್ರಮವಾಗಿ 3, 4, 3, 5 ಮತ್ತು 45 ದಿನ ಇದ್ದರು ಎನ್ನಿ. ಸರಾಸರಿ 12 ದಿನ. ಆದರೆ 12 ದಿನದ ಹತ್ತಿರ ಇದ್ದವರು ಒಬ್ಬರೂ ಇಲ್ಲ. ಸಾಲಾಗಿ ಜೋಡಿಸಿ ನಡುವಿನ ಸಂಖ್ಯೆ ತೆಗೆದರೆ 4 ದಿನ. ಸಾಮಾನ್ಯ ರೋಗಿಯ ಸ್ಥಿತಿ ಹೇಳುವುದು ಈ ಸಂಖ್ಯೆ. ಅಲ್ಲದೆ ಆ 45 ನಿಜವೋ, 4.5 ಎಂದು ಬರೆಯಲು ಹೋಗಿ ಚುಕ್ಕೆ ಬಿಟ್ಟುಹೋಯಿತೋ ಎಂದು ಮೂಲ ಕಾಗದ ತೆಗೆದು ನೋಡಬೇಕು. ಔಷಧದ ಪ್ರಮಾಣದಲ್ಲಿ ಈ ಚುಕ್ಕೆ ತಪ್ಪಿದರೆ ಹತ್ತು ಪಟ್ಟು ವ್ಯತ್ಯಾಸ! ಅದಕ್ಕೇ ಅರ್ಧ ಮಿಲಿಗ್ರಾಂ ಎಂಬುದನ್ನು ‘.5’ ಎಂದು ಬರೆಯಬಾರದು, ‘0.5’ ಎಂದೇ ಬರೆಯಬೇಕು ಎಂಬ ನಿಯಮವಿದೆ.

4. ಗುಟ್ಟು ಕಾಪಾಡುವುದು

ರೋಗಿಯ ಗುಟ್ಟನ್ನು ವೈದ್ಯ ಕಾಪಾಡಬೇಕೆಂಬುದು ವೃತ್ತಿಯ ಬಹು ಹಳೆಯ ನಿಯಮ. ಹಿಂದೆ ಗುಟ್ಟು ಬೀರುವಿನಲ್ಲಿ ಇರುತ್ತಿತ್ತು, ಈಗ ಜೇಬಿನ ಮೊಬೈಲಿನಲ್ಲಿದೆ. ಅಪರೂಪದ ಚರ್ಮರೋಗ, ವಿಚಿತ್ರವಾದ ಎಕ್ಸ್-ರೇ ಕಂಡರೆ ಫೋಟೊ ತೆಗೆದು ಸ್ನೇಹಿತರ ಗುಂಪಿಗೆ ಕಳಿಸುವುದು ವಿದ್ಯಾರ್ಥಿಗಳಿಗೆ ಸಹಜವೆನಿಸುತ್ತದೆ. ಎಕ್ಸ್-ರೇಯ ಮೂಲೆಯಲ್ಲಿ ರೋಗಿಯ ಹೆಸರು, ವಯಸ್ಸು ಇರುತ್ತದೆ ಎಂಬುದು ಮರೆತುಹೋಗುತ್ತದೆ. ಚಿಕ್ಕ ಊರಿನಲ್ಲಿ ಹೆಸರೂ ಬೇಡ, ಒಂದು ಹಚ್ಚೆ ಅಥವಾ ತಾಳಿ ಕಂಡರೆ ಗುರುತು ಸಿಕ್ಕಿಬಿಡುತ್ತದೆ. ಮದುವೆಯಾಗಬೇಕಾದ ಹುಡುಗಿಯ ಕ್ಷಯರೋಗದ ವಿಷಯ ಹೀಗೆ ಬಯಲಾದರೆ ಅದರ ಬೆಲೆ ತೆರುವವರು ಯಾರು?

ರೋಗಿಯ ಒಪ್ಪಿಗೆ ಇಲ್ಲದೆ ಫೋಟೊ ತೆಗೆಯಬಾರದು. ತೆಗೆದರೂ ಗುರುತು ಸಿಗದಂತೆ ಮಾಡಬೇಕು. ತನ್ನ ಪಾಸ್‌ವರ್ಡನ್ನು ಸಹೋದ್ಯೋಗಿಗೆ ಕೊಡಬಾರದು. ವಾರ್ಡಿನ ಕಂಪ್ಯೂಟರನ್ನು ತೆರೆದಿಟ್ಟು ಕಾಫಿಗೆ ಹೋಗಬಾರದು. ಡಿಜಿಟಲ್ ರೂಪದ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ದೇಶದಲ್ಲಿ ಪ್ರತ್ಯೇಕ ಕಾಯಿದೆಯೂ ಬಂದಿದೆ.

5. ದೂರದಿಂದ ರೋಗಿಯನ್ನು ನೋಡುವುದು

2020ರ ಮಾರ್ಚ್ 25ರಂದು ಕೇಂದ್ರ ಸರ್ಕಾರ ದೂರವೈದ್ಯಕೀಯದ ಮಾರ್ಗಸೂಚಿ ಹೊರಡಿಸಿತು. ಅದೇ ಏಪ್ರಿಲಿನಲ್ಲಿ ‘ಇ-ಸಂಜೀವಿನಿ’ ಮೂಲಕ ಜನರು ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆ ಬಂತು. ಹೀಗೆ ಚಿಕಿತ್ಸೆ ನೀಡುವ ಅಧಿಕಾರ ನೋಂದಾಯಿತ ವೈದ್ಯರಿಗೆ ಮಾತ್ರ, ವಿದ್ಯಾರ್ಥಿಗಳಿಗಲ್ಲ. ಆದರೆ ಅದರ ಮಿತಿಗಳನ್ನು ವಿದ್ಯಾರ್ಥಿ ದೆಸೆಯಲ್ಲೇ ಅರಿಯಬೇಕು. ಪರದೆಯ ಮೇಲೆ ಹೊಟ್ಟೆ ಒತ್ತಿ ನೋಡಲಾಗುವುದಿಲ್ಲ. ಸ್ಟೆತಾಸ್ಕೋಪ್ ಇಡಲಾಗುವುದಿಲ್ಲ. ಬೆಳಕು ಕಡಿಮೆಯಿದ್ದರೆ ಕಾಮಾಲೆಯ ಹಳದಿಯೂ ತಿಳಿಯುವುದಿಲ್ಲ. ‘ಇದು ಫೋನಿನಲ್ಲಿ ನೋಡುವ ಕಾಯಿಲೆಯಲ್ಲ, ಕೂಡಲೇ ಆಸ್ಪತ್ರೆಗೆ ಬನ್ನಿ’ ಎಂದು ಹೇಳಲು ಬರುವುದೇ ಇಲ್ಲಿನ ಮುಖ್ಯ ಕೌಶಲ. ಕೆಲವು ಔಷಧಗಳನ್ನು, ಉದಾಹರಣೆಗೆ ಮಾದಕ ವರ್ಗಕ್ಕೆ ಸೇರಿದವನ್ನು, ಈ ರೀತಿ ಬರೆದುಕೊಡುವಂತೆಯೇ ಇಲ್ಲ.

ಉತ್ತರ ಹೇಳುವ ಯಂತ್ರ

ಕಂಪ್ಯೂಟರೇ ರೋಗ ಪತ್ತೆ ಮಾಡುವುದಾದರೆ ವೈದ್ಯರು ಯಾಕೆ ಎಂದು ಈಗ ಹಲವರು ಕೇಳುತ್ತಾರೆ. ಈ ಪ್ರಶ್ನೆ ಹೊಸದಲ್ಲ. 1970ರ ದಶಕದಲ್ಲೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ‘ಮೈಸಿನ್’ ಎಂಬ ಕಂಪ್ಯೂಟರ್ ವ್ಯವಸ್ಥೆ ತಯಾರಾಗಿತ್ತು. ತೀವ್ರ ಸೋಂಕಿಗೆ ಯಾವ ಆ್ಯಂಟಿಬಯೊಟಿಕ್ ಸೂಕ್ತ ಎಂದು ಅದು ಸೂಚಿಸುತ್ತಿತ್ತು. 1979ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಅದರ ಆಯ್ಕೆ ತಜ್ಞರ ಆಯ್ಕೆಗೆ ಸರಿಸಮನಾಗಿತ್ತು. ಆದರೂ ಅದು ಆಸ್ಪತ್ರೆಗಳಲ್ಲಿ ದಿನನಿತ್ಯದ ಬಳಕೆಗೆ ಬರಲಿಲ್ಲ.

ಈಗಿನ ಯಂತ್ರಗಳು ಬಹಳ ಮುಂದೆ ಹೋಗಿವೆ. ಎದೆಯ ಎಕ್ಸ್-ರೇಯಲ್ಲಿ ಕ್ಷಯದ ಸಂಶಯ ಗುರುತಿಸಲು ಇಂಥ ವ್ಯವಸ್ಥೆಗಳನ್ನು 15 ವರ್ಷ ಮೇಲ್ಪಟ್ಟವರಲ್ಲಿ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದೆ. ಎಕ್ಸ್-ರೇ ಓದುವ ತಜ್ಞರಿಲ್ಲದ ತಾಲ್ಲೂಕು ಆಸ್ಪತ್ರೆಗೆ ಇದು ವರವೇ ಸರಿ. ಆದರೆ ಯಂತ್ರ ಹೇಳುವುದು ಸಂಶಯ ಮಾತ್ರ. ಕಫದ ಪರೀಕ್ಷೆಯಿಂದ ಅದನ್ನು ಖಚಿತಪಡಿಸಿಕೊಳ್ಳಬೇಕು.

2022ರ ನವೆಂಬರಿನಲ್ಲಿ ‘ಚಾಟ್ ಜಿಪಿಟಿ’ ಬಂದ ಮೇಲೆ ವಿದ್ಯಾರ್ಥಿಗಳು ಪ್ರಶ್ನೆ ಕೇಳಿ ಉತ್ತರ ಪಡೆಯುವುದು ಸಾಮಾನ್ಯವಾಗಿದೆ. ಕಷ್ಟದ ಪಾಠವನ್ನು ಸುಲಭವಾಗಿ ತಿಳಿಸಿಕೊಡಲು ಇಂಥವು ಸಹಾಯಕ. ಆದರೆ ಇವು ಇಲ್ಲದ ಲೇಖನಗಳ ಹೆಸರನ್ನು, ಇಲ್ಲದ ಸಂಖ್ಯೆಗಳನ್ನು ನಿಜವೆಂಬಂತೆ ಹೇಳಿಬಿಡುವುದುಂಟು. ಗೊತ್ತಿರುವವನಿಗೆ ತಪ್ಪು ಹೊಳೆಯುತ್ತದೆ. ಇನ್ನೂ ಕಲಿಯುತ್ತಿರುವವನಿಗೆ ಹೊಳೆಯುವುದಿಲ್ಲ. ಆದ್ದರಿಂದ ಮೊದಲು ತಾನೇ ರೋಗಿಯನ್ನು ಪರೀಕ್ಷಿಸಿ ತನ್ನ ಅಭಿಪ್ರಾಯ ಬರೆದುಕೊಂಡು, ಆಮೇಲೆ ಯಂತ್ರವನ್ನು ಕೇಳುವ ಕ್ರಮ ಒಳ್ಳೆಯದು. ಔಷಧದ ಪ್ರಮಾಣವನ್ನಂತೂ ಪಠ್ಯಪುಸ್ತಕದಲ್ಲೇ ನೋಡಬೇಕು.

ಯಂತ್ರ ನಿಂತಾಗ

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆಯಿತು. ಹೊರರೋಗಿಗಳ ನೋಂದಣಿ, ಪ್ರಯೋಗಾಲಯದ ವರದಿ ಮೊದಲಾದವು ದಿನಗಟ್ಟಲೆ ಕಾಗದ-ಪೆನ್ನಿನಲ್ಲಿ ನಡೆಯಬೇಕಾಯಿತು. ನಮ್ಮ ಊರುಗಳಲ್ಲಿ ದಾಳಿಯೇ ಬೇಕಿಲ್ಲ, ಕರೆಂಟು ಹೋದರೆ ಸಾಕು. ಕೇಸ್ ಶೀಟನ್ನು ಕೈಯಲ್ಲಿ ಬರೆಯುವುದು, ಮಗುವಿನ ತೂಕಕ್ಕೆ ತಕ್ಕ ಔಷಧವನ್ನು ತಾನೇ ಲೆಕ್ಕ ಹಾಕುವುದು ವಿದ್ಯಾರ್ಥಿಗೆ ಬರಲೇಬೇಕು.

ಕನ್ನಡದಲ್ಲಿ ಟೈಪ್ ಮಾಡಲು ಬರಬೇಕು

ಪಠ್ಯಕ್ರಮ ಭಾಷೆಯನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಇಟ್ಟದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಮನೆಗೆ ಹೋಗುವ ರೋಗಿಯ ಕೈಗೆ ಇಂಗ್ಲಿಷಿನ ನಾಲ್ಕು ಪುಟ ಕೊಟ್ಟು ಏನು ಪ್ರಯೋಜನ? ‘ಈ ಮಾತ್ರೆ ಸೋಮವಾರ ಮಾತ್ರ, ಬೇರೆ ದಿನ ಬೇಡ’ ಎಂದು ಕನ್ನಡದಲ್ಲಿ ಒಂದು ಸಾಲು ಮುದ್ರಿಸಿದರೆ ಮೇಲೆ ಹೇಳಿದ ಮೆಥೊಟ್ರೆಕ್ಸೇಟಿನ ಅಪಾಯ ಎಷ್ಟೋ ಕಡಿಮೆಯಾಗುತ್ತದೆ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದಾಗಿ ಕನ್ನಡ ಟೈಪ್ ಮಾಡುವುದು ಇಂದು ಕಷ್ಟವಲ್ಲ. ಬೇರೆ ರಾಜ್ಯಗಳಿಂದ ಇಲ್ಲಿಗೆ ಕಲಿಯಲು ಬರುವ ವಿದ್ಯಾರ್ಥಿಗಳಿಗೂ ಇಂಥ ಇಪ್ಪತ್ತು ಮೂವತ್ತು ವಾಕ್ಯಗಳನ್ನು ಸಿದ್ಧಮಾಡಿ ಕಲಿಸಬಹುದು.

ಕಣ್ಣು, ಕತ್ತು, ನಿದ್ರೆ

ಗಂಟೆಗಟ್ಟಲೆ ಪರದೆ ನೋಡುವ ವಿದ್ಯಾರ್ಥಿಗಳಲ್ಲಿ ಕಣ್ಣುರಿ, ತಲೆನೋವು, ಕತ್ತುನೋವು ಸಾಮಾನ್ಯ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದು ಕಡಿಮೆಯಾಗುತ್ತದೆ, ಕಣ್ಣು ಒಣಗುತ್ತದೆ. ಕೆಳಗಿನ ಸೂಚನೆಗಳನ್ನು ಪಾಲಿಸಬಹುದು:

* 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನು, 20 ಸೆಕೆಂಡ್ ನೋಡಿ. ಬೇಕೆಂದೇ ರೆಪ್ಪೆ ಮಿಟುಕಿಸಿ.

* ಪರದೆ ಒಂದು ತೋಳಿನಷ್ಟು ದೂರವಿರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗಿರಲಿ. ಲ್ಯಾಪ್‌ಟಾಪಿನ ಕೆಳಗೆ ದಪ್ಪ ಪುಸ್ತಕಗಳನ್ನಿಟ್ಟು, ಬೇರೆ ಕೀಲಿಮಣೆ ಜೋಡಿಸಿಕೊಂಡರೆ ಕತ್ತು ಬಗ್ಗಿಸುವುದು ತಪ್ಪುತ್ತದೆ.

* ಹಾಸಿಗೆಯಲ್ಲಿ ಮಲಗಿ ಓದಬೇಡಿ. ಮಲಗುವುದಕ್ಕೆ ಒಂದು ಗಂಟೆ ಮೊದಲು ಪರದೆ ಆರಿಸಿ. ನಿದ್ರೆಗೆಟ್ಟು ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ.

* ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಹಣ ಸುರಿಯುವ ಮೊದಲು ಯೋಚಿಸಿ. 17 ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ‘ಕಾಕ್ರೇನ್’ ವಿಮರ್ಶೆಯ ಪ್ರಕಾರ, ಕಣ್ಣಿನ ಆಯಾಸ ತಗ್ಗಿಸುವಲ್ಲಿ ಅದರಿಂದ ವಿಶೇಷ ಪ್ರಯೋಜನ ಕಾಣುವುದಿಲ್ಲ.

* ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿಯುತ್ತಿದ್ದರೆ, ತಲೆನೋವು ವಾರಗಟ್ಟಲೆ ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಕಣ್ಣಿನ ಪವರ್ ಪರೀಕ್ಷೆ ಮಾಡಿಸಿ.

ತಂದೆತಾಯಿಗಳಿಗೆ

ಲ್ಯಾಪ್‌ಟಾಪ್ ಕೊಡಿಸಬೇಕೆ ಎಂಬ ಪ್ರಶ್ನೆಗೆ ನನ್ನ ಉತ್ತರ: ಶಕ್ತಿಯಿದ್ದರೆ ಕೊಡಿಸಿ, ಸಾಲ ಮಾಡಿ ದುಬಾರಿಯದನ್ನು ಕೊಡಿಸಬೇಡಿ. ಎಂಬಿಬಿಎಸ್ ಓದಿಗೆ ಬೇಕಾದದ್ದು ಬರೆಯುವುದು, ಕೋಷ್ಟಕ, ಸ್ಲೈಡ್, ವಿಡಿಯೊ ಪಾಠ ಮತ್ತು ಇಂಟರ್ನೆಟ್. ಸಾಧಾರಣ ಯಂತ್ರ ಇಷ್ಟಕ್ಕೆ ಸಾಕು. ಮೊದಲ ತಿಂಗಳೇ ಅವಸರ ಬೇಡ. ಕಾಲೇಜಿನ ಗ್ರಂಥಾಲಯದಲ್ಲಿ ಕಂಪ್ಯೂಟರ್ ಸೌಲಭ್ಯ ಹೇಗಿದೆ ಎಂದು ನೋಡಿಕೊಂಡು ಆಮೇಲೆ ಕೊಳ್ಳಬಹುದು. ಫಲಿತಾಂಶ ಬಂದು ಕಾಲೇಜು ಆರಂಭವಾಗುವವರೆಗಿನ ಬಿಡುವಿನಲ್ಲಿ ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಟೈಪ್ ಮಾಡುವುದನ್ನು ಕಲಿತರೆ ಹಣ ಖರ್ಚಿಲ್ಲದ ದೊಡ್ಡ ಸಿದ್ಧತೆಯಾಗುತ್ತದೆ.

ನೀವು ರೋಗಿಯಾಗಿ ಹೋದಾಗ

1. ಮುದ್ರಿತ ಚೀಟಿ ಕೈಗೆ ಬಂದ ಕೂಡಲೇ ಹೆಸರು, ವಯಸ್ಸು, ಯಾವ ಕಾಯಿಲೆಗೆ, ಯಾವ ಔಷಧ, ದಿನಕ್ಕೆಷ್ಟು ಎಂದು ಓದಿಸಿ ಕೇಳಿಕೊಳ್ಳಿ. ಕಾಯಿಲೆ ಎಡಭಾಗದ್ದೋ ಬಲಭಾಗದ್ದೋ ಎಂಬುದನ್ನೂ ನೋಡಿ.

2. ಯಾವುದಾದರೂ ಔಷಧ ನಿಮಗೆ ಆಗದಿದ್ದರೆ ಪ್ರತಿ ಸಲವೂ ಹೇಳಿ. ‘ಕಂಪ್ಯೂಟರಿನಲ್ಲಿ ಇರುತ್ತದೆ ಬಿಡಿ’ ಎಂದು ಸುಮ್ಮನಾಗಬೇಡಿ.

3. ನಿಮ್ಮ ದಾಖಲೆಯ ಪ್ರತಿ ಕೇಳುವ ಹಕ್ಕು ನಿಮಗಿದೆ. ವೈದ್ಯರ ವೃತ್ತಿ ನಡತೆಯ 2002ರ ನಿಯಮಾವಳಿಯಂತೆ, ಕೇಳಿದ 72 ಗಂಟೆಯೊಳಗೆ ಕೊಡಬೇಕು.

4. ನಿಮ್ಮ ಫೋಟೊ ತೆಗೆಯಲು ಬಂದರೆ ಯಾಕೆ ಎಂದು ಕೇಳಿ. ಬೇಡ ಎನ್ನಬಹುದು. ಅದರಿಂದ ಚಿಕಿತ್ಸೆ ನಿಲ್ಲಬಾರದು.

5. ಬೋಧನಾ ಆಸ್ಪತ್ರೆಯಲ್ಲಿ ಕಿರಿಯ ವೈದ್ಯ ವಿದ್ಯಾರ್ಥಿಗಳು ಬಂದು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರೆ ಬೇಸರಿಸಬೇಡಿ. ಪರದೆಯನ್ನಷ್ಟೇ ನೋಡಿ ಹೋಗದೆ ನಿಮ್ಮನ್ನು ಮುಟ್ಟಿ ನೋಡಿ, ಮಾತನಾಡಿಸಿ ತಾಳೆ ನೋಡುತ್ತಿದ್ದಾರೆ ಎಂದರೆ ಅವರು ಸರಿಯಾಗಿ ಕಲಿಯುತ್ತಿದ್ದಾರೆ ಎಂದೇ ಅರ್ಥ.